ಆಸ್ಪತ್ರೆಗೆ ಹೋಗುವ ಮುನ್ನವೇ ಕಾಲಿನಲ್ಲಿ ಬಲವಿರಲಿ

(ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಯವರು ಮಾಡಿದ ಭಾಷಣ)



ಪ್ರತಿ ಸಭೆಯಲ್ಲಿಯೂ ನಾನು ಕೆಚ್ಚಲು ಬಾವು, ಕಾಲುಬಾಯಿ ಬೇನೆ, ಖನಿಜ ಮಿಶ್ರಣ, ಹಸಿರು ಮೇವು ಇವುಗಳ ಬಗ್ಗೆ ಮಾತನಾಡುವವನು. ಈ ಸಲ ಮನೆಯ ಹಿರಿಯರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನಿಂತಿದ್ದೇನೆ. ನಾನು ದನದ ಡಾಕ್ಟರು. ಮನುಷ್ಯರಿಗೆ ಔಷಧ ಹೇಳುವ ಅಧಿಕಾರ ನನಗಿಲ್ಲ, ಹೇಳುವುದೂ ಇಲ್ಲ. ಓದಿ ತಿಳಿದದ್ದನ್ನು ಮತ್ತು ನನ್ನ ಮನೆಯಲ್ಲಿಯೇ ಮಾಡಿದ ಒಂದು ತಪ್ಪಿನಿಂದ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಈ ಮಾತಿಗೆ ಕಾರಣವಾದದ್ದು ನಮ್ಮ ಸದಸ್ಯರೊಬ್ಬರ ಪ್ರಶ್ನೆ. ಅವರ ತಾಯಿಯವರಿಗೆ ಅರವತ್ತೇಳು ವರ್ಷ. ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ, ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗುತ್ತಿದೆ. ಆಕಳಿಗೆ ಚುಚ್ಚುಮದ್ದು ಕೊಟ್ಟು ಕೈ ತೊಳೆಯುತ್ತಿದ್ದಾಗ ಅವರು ಕೇಳಿದರು: "ಸಾಹೇಬ್ರೇ, ಈ ವಯಸ್ಸಿನಾಗ ಅವ್ವಗ ಕಿಡ್ನಿ ಕಸಿ ಮಾಡ್ತಾರೇನ್ರಿ? ಮಾಡಿದ್ರ ತಡ್ಕೋತಾಳೇನ್ರಿ?" ಆಗ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿದೆ, ತಿಳಿದವರನ್ನು ಕೇಳಿದೆ.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ನಮ್ಮ ದೇಶದಲ್ಲಿ ಅಂಗಾಂಗ ಕಸಿಯ ಕಾನೂನು ಬಂದದ್ದು 1994ರಲ್ಲಿ. ಮೃತ ದಾನಿಗಳ ಅಂಗಕ್ಕಾಗಿ ಹೆಸರು ನೋಂದಾಯಿಸಲು ಹಿಂದೆ 65 ವರ್ಷದ ಮಿತಿ ಇತ್ತು. ಕೇಂದ್ರ ಸರ್ಕಾರ 2023ರಲ್ಲಿ ಆ ಮಿತಿಯನ್ನು ತೆಗೆದುಹಾಕಿತು. ನಮ್ಮ ರಾಜ್ಯದಲ್ಲಿ ಈ ಕೆಲಸವನ್ನು ನೋಡಿಕೊಳ್ಳುವ ಸಂಸ್ಥೆಯ ಹೆಸರು ಜೀವಸಾರ್ಥಕತೆ. ಆದ್ದರಿಂದ ವಯಸ್ಸೊಂದೇ ಈಗ ಅಡ್ಡಿಯಲ್ಲ.

ಎರಡನೆಯ ಪ್ರಶ್ನೆ, ತಡೆದುಕೊಳ್ಳುತ್ತಾಳೆಯೇ ಎಂಬುದು. ನೀವೆಲ್ಲ ಮಾವಿಗೆ ಕಸಿ ಕಟ್ಟುವುದನ್ನು ನೋಡಿದವರು. ಎಷ್ಟೇ ಒಳ್ಳೆಯ ಜಾತಿಯ ಕುಡಿ ತಂದರೂ ಕೆಳಗಿನ ಗಿಡ ಸೊರಗಿದ್ದರೆ ಕಸಿ ಹಿಡಿಯುವುದು ಕಷ್ಟ. ಮನುಷ್ಯರ ವಿಷಯದಲ್ಲಿಯೂ ಸಂಶೋಧಕರು ಇದಕ್ಕೆ ಹತ್ತಿರದ ಸಂಗತಿಯನ್ನೇ ಕಂಡಿದ್ದಾರೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯವರು ಮೂತ್ರಪಿಂಡ ಕಸಿಗೆ ಬಂದವರ ತ್ರಾಣವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಅಳೆದರು. ಅವರು ನೋಡಿದ್ದು ಐದು ಸಂಗತಿ: ತೂಕ ಇಳಿದಿದೆಯೇ, ಕೈ ಹಿಡಿತ ಎಷ್ಟು ಗಟ್ಟಿ, ನಡಿಗೆ ಎಷ್ಟು ಚುರುಕು, ಬೇಗ ದಣಿವಾಗುತ್ತದೆಯೇ, ದಿನದಲ್ಲಿ ಓಡಾಟ ಎಷ್ಟು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 383 ರೋಗಿಗಳಿದ್ದರು. ತ್ರಾಣ ಕುಂದಿದವರಲ್ಲಿ ನೂರಕ್ಕೆ ಸುಮಾರು 46 ಜನ, ಮನೆಗೆ ಹೋದ ಒಂದು ತಿಂಗಳೊಳಗೆ ಮತ್ತೆ ಆಸ್ಪತ್ರೆ ಸೇರಬೇಕಾಯಿತು. ತ್ರಾಣ ಇದ್ದವರಲ್ಲಿ ಈ ಸಂಖ್ಯೆ ನೂರಕ್ಕೆ 28. ಅಂದರೆ ಕಸಿಯ ಫಲ ಡಾಕ್ಟರ ಕೈಚಳಕ ಮತ್ತು ಔಷಧಗಳ ಮೇಲೆ ನಿಂತಿರುವಂತೆ ರೋಗಿಯ ಶಕ್ತಿಯ ಮೇಲೂ ನಿಂತಿದೆ.

ಇದನ್ನು ಕೇಳಿ ಧೈರ್ಯ ಕೆಡಬೇಕಾಗಿಲ್ಲ. ತ್ರಾಣ ಕಡಿಮೆ ಇರುವವರು ಕಸಿಗೆ ಅಯೋಗ್ಯರೆಂದು ಇದರ ಅರ್ಥವಲ್ಲ. ಕಸಿಯಾದ ಮೊದಲ ತಿಂಗಳು ರೋಗಿಯ ಶಕ್ತಿ ಇನ್ನಷ್ಟು ಕುಗ್ಗುತ್ತದೆ, ಮೂರನೆಯ ತಿಂಗಳಿಗೆ ಮೊದಲಿಗಿಂತ ಉತ್ತಮವಾಗುತ್ತದೆ ಎಂದೂ ಅದೇ ತಂಡದವರು ಕಂಡಿದ್ದಾರೆ. 2019ರಲ್ಲಿ ಅವರು ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದರು. ಕಸಿಗಾಗಿ ಕಾಯುತ್ತಿದ್ದ 18 ಜನರಿಗೆ ವಾರಕ್ಕೊಮ್ಮೆ ವ್ಯಾಯಾಮ ಕಲಿಸಿ, ಮನೆಯಲ್ಲಿ ಮಾಡಲು ಹೇಳಿದರು. ಎರಡು ತಿಂಗಳಲ್ಲಿ ಅವರ ಓಡಾಟ ಹೆಚ್ಚಿತು. ಅವರಲ್ಲಿ ಕಸಿಯಾದವರು ಸುಮಾರು 5 ದಿನಕ್ಕೆ ಮನೆಗೆ ಹೋದರೆ, ಅವರಂಥವರೇ ಆದ ಬೇರೆ ರೋಗಿಗಳಿಗೆ ಸುಮಾರು 10 ದಿನ ಹಿಡಿದಿತ್ತು. ಇದು ಬೆರಳೆಣಿಕೆಯ ಜನರ ಪ್ರಯೋಗ, ಆದ್ದರಿಂದ ಇದನ್ನೇ ಕೊನೆಯ ಮಾತೆಂದು ತಿಳಿಯಬಾರದು. ಆದರೆ ಕಾಯುವ ದಿನಗಳನ್ನು ಹಾಸಿಗೆಯಲ್ಲಿ ಕಳೆಯಬಾರದು ಎಂಬ ಪಾಠ ಇದರಲ್ಲಿದೆ.

ನಮ್ಮ ನಾಲ್ಕು ತಾಲೂಕಿನವರಿಗೆ ಈ ಪಾಠ ಇನ್ನೂ ಹೆಚ್ಚು ಬೇಕು. ದೊಡ್ಡ ಚಿಕಿತ್ಸೆ ಎಂದರೆ ನಾವು ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಮಣಿಪಾಲದ ಕಡೆಗೆ ಮುಖ ಮಾಡುವವರು. ಜೋಯಿಡಾದ ಕಾಡೊಳಗಿನ ಹಳ್ಳಿಯಿಂದ ಹೊರಟವರಿಗೆ ಡಾಂಬರು ರಸ್ತೆ ಮುಟ್ಟುವುದೇ ಒಂದು ಪ್ರಯಾಣ. ಅಷ್ಟು ದೂರ ಹೋಗಿ ಬರುವ ದೇಹದಲ್ಲಿ ಕಸುವು ಇರಬೇಕಲ್ಲವೇ? ಕಸಿಯೇ ಆಗಬೇಕೆಂದಿಲ್ಲ. ಕಣ್ಣಿನ ಪೊರೆ, ಮಂಡಿ, ಹರ್ನಿಯಾ, ನ್ಯುಮೋನಿಯಾ ಯಾವುದೇ ಇರಲಿ, ಒಳಗೆ ಹೋಗುವಾಗ ಕಾಲಿನಲ್ಲಿ ಬಲವಿದ್ದವರಿಗೆ ಚೇತರಿಕೆ ಹಗುರ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಕರು ಹಾಕಿದ ಆಕಳು ಹಾಲುಜ್ವರದಿಂದ ಮಲಗಿಬಿಟ್ಟರೆ ನಾನು ನಿಮಗೆ ಏನು ಹೇಳುತ್ತೇನೆ? ಕ್ಯಾಲ್ಸಿಯಂ ಕೊಟ್ಟ ಮೇಲೆ, "ಒಂದೇ ಮಗ್ಗಲಿಗೆ ಬಿಡಬೇಡಿ, ಕೆಳಗೆ ದಪ್ಪಗೆ ಹುಲ್ಲು ಹಾಸಿ, ಕೆಲವು ಗಂಟೆಗೊಮ್ಮೆ ಹೊರಳಿಸಿ, ಏಳಲು ಆಸರೆ ಕೊಡಿ" ಎನ್ನುತ್ತೇನೆ. ಏಕೆಂದರೆ ಅಷ್ಟು ಭಾರದ ದೇಹ ಒಂದೇ ಕಡೆ ಬಿದ್ದಿದ್ದರೆ ಕೆಳಗಿನ ಕಾಲಿನ ಮಾಂಸಖಂಡ, ನರಗಳು ಕೆಡುತ್ತವೆ. ಜ್ವರ ವಾಸಿಯಾದರೂ ಆಕಳು ಏಳುವುದಿಲ್ಲ. ಇದನ್ನು ನೂರಾರು ಕೊಟ್ಟಿಗೆಗಳಲ್ಲಿ ಹೇಳಿದವನು ನಾನು.

ನನ್ನ ತಂದೆಯವರಿಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಕಫಜ್ವರ ಬಂತು. ಅಲ್ಲಿಯ ತನಕ ದಿನಾಲು ಹಾಲಿನ ಕ್ಯಾನು ಹಿಡಿದು ಡೇರಿಗೆ ನಡೆದು ಹೋಗಿ ಬರುತ್ತಿದ್ದವರು. ಜ್ವರ ನಾಲ್ಕು ದಿನಕ್ಕೆ ಇಳಿಯಿತು. ಆದರೆ ನಾನು "ಅಪ್ಪಾ, ನೀವು ಏಳಬೇಡಿ, ಆರಾಮ ತಗೊಳ್ಳಿ" ಎಂದು ಎರಡು ವಾರ ಹಾಸಿಗೆಯಲ್ಲಿಯೇ ಇಟ್ಟೆ. ಊಟ, ನೀರು ಎಲ್ಲ ಕೈಗೇ ಕೊಟ್ಟೆವು. ಪ್ರೀತಿಯಿಂದಲೇ ಮಾಡಿದ್ದು. ಎರಡು ವಾರದ ಮೇಲೆ ನೋಡಿದರೆ ಅವರಿಗೆ ಮಣೆಯ ಮೇಲಿಂದ ತಾವಾಗಿ ಏಳಲು ಆಗುತ್ತಿರಲಿಲ್ಲ. ಆಕಳಿಗೆ ಮಾಡಬಾರದೆಂದು ಊರಿಗೆಲ್ಲ ಹೇಳಿದ್ದನ್ನು ನಾನು ಹೆತ್ತ ತಂದೆಗೆ ಮಾಡಿದ್ದೆ.

ಇದು ನಮ್ಮ ಮನೆಯ ಕಥೆಯಷ್ಟೇ ಅಲ್ಲವೆಂದು ಆಮೇಲೆ ತಿಳಿಯಿತು. 2007ರಲ್ಲಿ ಪ್ರಕಟವಾದ ಒಂದು ಅಮೆರಿಕದ ಅಧ್ಯಯನದಲ್ಲಿ, ಆರೋಗ್ಯವಂತರಾದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದರು. ಯಾವ ರೋಗವೂ ಇಲ್ಲದೆ, ಬರಿ ಮಲಗಿದ್ದಕ್ಕೇ, ಅವರ ಕಾಲುಗಳಿಂದ ಸುಮಾರು ಒಂದು ಕಿಲೋದಷ್ಟು ಕೊಬ್ಬಿಲ್ಲದ ಮಾಂಸ ಕರಗಿಹೋಗಿತ್ತು.

ಹೋದ ಬಲ ಮರಳಿ ಬರುತ್ತದೆಯೇ? ಬರುತ್ತದೆ. ಡಾ. ಮರಿಯಾ ಫಿಯಾಟರೋನ್ ಅವರ ತಂಡ ಬಾಸ್ಟನ್ನಿನ ಆರೈಕೆ ಮನೆಯೊಂದರ 100 ವೃದ್ಧರ ಮೇಲೆ ಮಾಡಿದ ಪ್ರಯೋಗವನ್ನು 1994ರಲ್ಲಿ ಪ್ರಕಟಿಸಿತು. ಅವರ ಸರಾಸರಿ ವಯಸ್ಸು 87. ಕೆಲವರಿಗೆ ಹತ್ತು ವಾರ ಕಾಲಿನ ಬಲದ ವ್ಯಾಯಾಮ, ಕೆಲವರಿಗೆ ಪುಷ್ಟಿಕರ ಪಾನೀಯ, ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ವ್ಯಾಯಾಮ ಮಾಡಿದವರ ಸ್ನಾಯುಬಲ ಎರಡು ಪಟ್ಟಿಗೂ ಹೆಚ್ಚಾಯಿತು. ವ್ಯಾಯಾಮವಿಲ್ಲದೆ ಬರಿ ಪಾನೀಯ ಕುಡಿದವರ ನಿಶ್ಶಕ್ತಿ ಹೋಗಲಿಲ್ಲ. ಹಾಲಿನ ಒಕ್ಕೂಟದ ಸಭೆಯಲ್ಲಿ ನಿಂತು ಇದನ್ನು ಮುಚ್ಚಿಡುವುದು ಸರಿಯಲ್ಲ. ಹಾಲು ಒಳ್ಳೆಯದು. ಒಂದು ಲೀಟರಿನಲ್ಲಿ ಮೂವತ್ತು ಗ್ರಾಂ ಮೀರಿ ಸಸಾರಜನಕ ಇದೆ, ವಯಸ್ಸಾದವರಿಗೆ ಅದು ಬೇಕು. ಆದರೆ ಹಾಲು ಇಟ್ಟಿಗೆ, ಸುಣ್ಣ ಇದ್ದ ಹಾಗೆ. ಕೈಕಾಲು ಆಡದಿದ್ದರೆ ಗೋಡೆ ಏಳುವುದಿಲ್ಲ.

2014ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ 70ರಿಂದ 89 ವಯಸ್ಸಿನ 1,635 ಜನರಿದ್ದರು. ಅರ್ಧ ಜನರಿಗೆ ನಡಿಗೆ, ಕಾಲಿನ ಬಲ, ಸಮತೋಲನದ ವ್ಯಾಯಾಮ. ಉಳಿದರ್ಧ ಜನರಿಗೆ ಆರೋಗ್ಯದ ಉಪನ್ಯಾಸ. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ನೋಡಿದಾಗ, 400 ಮೀಟರು ನಡೆಯುವ ಶಕ್ತಿ ಕಳೆದುಕೊಂಡವರು ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ 30, ಉಪನ್ಯಾಸದ ಗುಂಪಿನಲ್ಲಿ ನೂರಕ್ಕೆ 35ಕ್ಕೂ ಮೇಲೆ. ಭಾಷಣ ಕೇಳಿದ್ದರಿಂದಲೇ ಕಾಲು ಗಟ್ಟಿಯಾಗುವುದಿಲ್ಲ ಎಂದಾಯಿತು. ನನ್ನ ಈ ಭಾಷಣಕ್ಕೂ ಅದೇ ಮಾತು.

"ನಾವು ದಿನವಿಡೀ ದುಡಿಯುವವರು, ನಮಗೆಂಥ ವ್ಯಾಯಾಮ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಗಣಿ ಬಾಚಿ, ಹುಲ್ಲು ಹೊತ್ತು, ಎರಡು ಹೊತ್ತು ಹಾಲು ಕರೆಯುವ ತಾಯಿಗೆ ಇನ್ನೂ ನಡೆಯಿರಿ ಎಂದರೆ ಅದು ಅನ್ಯಾಯ. ಅವರಿಗೆ ಬೇಕಾದದ್ದು ಹೊತ್ತಿಗೆ ಸರಿಯಾದ ಊಟ ಮತ್ತು ವಿಶ್ರಾಂತಿ. ಕಾಡಂಚಿನ ಗೌಳಿವಾಡಗಳಲ್ಲಿ ಎಮ್ಮೆಗಳ ಹಿಂದೆ ನಡೆಯುವ ಹಿರಿಯರಿಗೂ ನಾನು ನಡಿಗೆ ಕಲಿಸಬೇಕಾಗಿಲ್ಲ. ನಾನು ಹೇಳುತ್ತಿರುವುದು ಮಗನಿಗೆ ಮೋಟಾರ್ ಸೈಕಲ್ ಬಂದ ಮೇಲೆ ಡೇರಿಯ ದಾರಿ ಮರೆತ ಅಪ್ಪನ ಬಗ್ಗೆ, ಸೊಸೆ ಬಂದ ಮೇಲೆ ಟಿವಿ ಮುಂದೆ ಕುಳಿತ ಅತ್ತೆಯ ಬಗ್ಗೆ, ದಾಂಡೇಲಿಯ ಕಾರ್ಖಾನೆಯಿಂದ ನಿವೃತ್ತರಾಗಿ ಎರಡು ಆಕಳು ಕಟ್ಟಿ ಆಳಿನ ಕೈಗೆ ಒಪ್ಪಿಸಿದವರ ಬಗ್ಗೆ.

ಅನುಕರಿಸುವುದಕ್ಕೆ ನಮ್ಮಲ್ಲಿಯೇ ಉದಾಹರಣೆ ಇದೆ. ಮುಂಡಗೋಡದ ಟಿಬೆಟನ್ ಕಾಲೋನಿಯಲ್ಲಿ ಬೆಳಗಾದರೆ ವಯಸ್ಸಾದ ಅಜ್ಜ ಅಜ್ಜಿಯರು ಜಪಮಾಲೆ ಹಿಡಿದು ಪ್ರದಕ್ಷಿಣೆ ಹಾಕುವುದನ್ನು ನೋಡಿದ್ದೀರಿ. ಅವರು ಅದನ್ನು ವ್ಯಾಯಾಮ ಎನ್ನುವುದಿಲ್ಲ. ಆದರೆ ಕಾಲಿಗೆ ಸಿಗಬೇಕಾದದ್ದು ಸಿಗುತ್ತದೆ. ನಮ್ಮ ಊರುಗಳಲ್ಲಿಯೂ ಗುಡಿಗಳಿವೆ, ಪ್ರದಕ್ಷಿಣೆಗೆ ಜಾಗವಿದೆ.

ಮಾಡಬೇಕಾದದ್ದು ಏನು? 65 ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟು: ವಾರಕ್ಕೆ ಕನಿಷ್ಠ 150 ನಿಮಿಷ, ತುಸು ಉಸಿರು ಏರುವಂಥ ನಡಿಗೆ ಅಥವಾ ಕೆಲಸ, ವಾರಕ್ಕೆ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ, ಮೂರು ದಿನ ಸಮತೋಲನದ ಅಭ್ಯಾಸ. ನಮ್ಮ ಮನೆಯ ಲೆಕ್ಕದಲ್ಲಿ ಹೇಳುವುದಾದರೆ:

ಒಂದು, ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ನಡಿಗೆ. ಒಮ್ಮೆಲೇ ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ.

ಎರಡು, ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಕೈ ಊರದೆ ಕುಳಿತು ಏಳುವುದು. ಐದರಿಂದ ಆರಂಭಿಸಿ ಹತ್ತಕ್ಕೆ ಏರಿಸಿ. ಆಗದವರು ಮೊದಮೊದಲು ಕೈ ಊರಿಯೇ ಏಳಲಿ.

ಮೂರು, ಕಂಬ ಹಿಡಿದು ಒಂದು ಕಾಲಿನ ಮೇಲೆ ಹತ್ತು ಎಣಿಸುವಷ್ಟು ಹೊತ್ತು ನಿಲ್ಲುವುದು, ಆಮೇಲೆ ಇನ್ನೊಂದು ಕಾಲು. ಪಕ್ಕದಲ್ಲಿ ಒಬ್ಬರು ಇರಲಿ.

ಬಲ ಎಷ್ಟಿದೆ ಎಂದು ನೋಡಲು ಸುಲಭದ ಪರೀಕ್ಷೆಯೂ ಇದೆ. ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ, ಇಲ್ಲವೇ 6 ಮೀಟರು ನಡೆಯಲು 6 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಬಲ ಕುಂದುತ್ತಿದೆ ಎಂದು ಏಷ್ಯಾದ ತಜ್ಞರು 2019ರಲ್ಲಿ ಗೊತ್ತುಪಡಿಸಿದ್ದಾರೆ. ಹಾಗಿದ್ದರೆ ವೈದ್ಯರಿಗೆ ತೋರಿಸಿ. ನಡೆಯುವಾಗ ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಬಂದರೆ ಕೂಡಲೇ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯವರು ಬರಿಗಾಲಿನಲ್ಲಿ ನಡೆಯಬಾರದು.

ಅಂಗ ಕಸಿಯಾದವರು ಇರುವ ಮನೆಗೆ ಪಶುವೈದ್ಯನಾಗಿ ಮೂರು ಎಚ್ಚರಿಕೆ. ಹೊಸ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಅವರು ನಿತ್ಯ ತೆಗೆದುಕೊಳ್ಳುವ ಔಷಧ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಆದ್ದರಿಂದ ಹಸಿ ಹಾಲು, ನೊರೆ ಹಾಲು ಸರ್ವಥಾ ಬೇಡ. ಚೆನ್ನಾಗಿ ಕಾಯಿಸಿದ ಅಥವಾ ಪಾಶ್ಚರೀಕರಿಸಿದ ಹಾಲೇ ಆಗಬೇಕು. ಕಂದು ಹಾಕಿದ ಆಕಳು, ಅದರ ಮಾಸು, ಆ ಜಾಗದ ಸಗಣಿ ಇವುಗಳನ್ನು ಅವರು ಮುಟ್ಟಬಾರದು, ಬ್ರುಸೆಲ್ಲಾ ರೋಗ ಹಾಗೆಯೇ ಅಂಟುವುದು. ಮೂರನೆಯದು, ಹೊಲಿಗೆ ಮಾಗಿ ವೈದ್ಯರು ಒಪ್ಪಿಗೆ ಕೊಡುವ ತನಕ ಕ್ಯಾನು, ಕೊಡ, ಹುಲ್ಲಿನ ಹೊರೆ ಎತ್ತಬಾರದು. ಇನ್ನು ಮೂತ್ರಪಿಂಡದ ತೊಂದರೆ ಇರುವವರು ಹಾಲು ಎಷ್ಟು ಕುಡಿಯಬೇಕೆಂಬುದನ್ನು ತಮ್ಮ ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು. ಹಾಲಿನಲ್ಲಿರುವ ರಂಜಕ, ಪೊಟ್ಯಾಸಿಯಂ ಅವರಿಗೆ ಹೆಚ್ಚಾಗಬಹುದು.

ಅರವತ್ತೇಳರ ಆ ತಾಯಿಯವರು ಈಗ ಡಾಕ್ಟರ ಒಪ್ಪಿಗೆ ಪಡೆದು ಡಯಾಲಿಸಿಸ್ ಇಲ್ಲದ ದಿನ ಅಂಗಳದಲ್ಲಿ ನಡೆಯುತ್ತಾರೆ. ಕಸಿ ಯಾವಾಗ ಆಗುತ್ತದೋ, ಆಗುತ್ತದೋ ಇಲ್ಲವೋ ನಾನು ಹೇಳಲಾರೆ. ಮೊನ್ನೆ ಹೋದಾಗ ನನಗೆ ಚಹಾ ಅವರೇ ತಂದುಕೊಟ್ಟರು. ನನ್ನ ತಂದೆಯವರಿಗೆ ಮೊದಲಿನ ನಡಿಗೆ ಪೂರ್ತಿ ಮರಳಲಿಲ್ಲ. ಆದರೆ ಆರು ತಿಂಗಳ ಅಭ್ಯಾಸದ ಮೇಲೆ ಕೋಲು ಹಿಡಿದು ಡೇರಿಯ ತನಕ ಹೋಗಿ ಬರುತ್ತಾರೆ. ಕ್ಯಾನು ನನ್ನ ತಮ್ಮ ಒಯ್ಯುತ್ತಾನೆ, ಪಾಸ್‌ಬುಕ್ ಅಪ್ಪ ಒಯ್ಯುತ್ತಾರೆ.

ನಿಮ್ಮಲ್ಲಿ ನನ್ನದೊಂದು ವಿನಂತಿ. ನಾಳೆ ಬೆಳಿಗ್ಗೆ ಮನೆಯ ಹಿರಿಯರು ಜಗಲಿಯಿಂದ ಏಳುವಾಗ ಕೈ ಊರುತ್ತಾರೆಯೇ ನೋಡಿ. ಅವರ ಕೈಯಿಂದ ಕೆಲಸವನ್ನೆಲ್ಲ ಕಿತ್ತುಕೊಳ್ಳಬೇಡಿ, ಭಾರವನ್ನಷ್ಟೇ ತೆಗೆದುಕೊಳ್ಳಿ. ಕರುವಿಗೆ ನೀರು ಕುಡಿಸುವುದು, ಡೇರಿಗೆ ಜೊತೆಯಾಗಿ ಬರುವುದು ಅವರಿಗಿರಲಿ.