ಯುದ್ಧವಲ್ಲದ ಯುದ್ಧಕ್ಕೆ ಯಾರ ಅಪ್ಪಣೆ?

ಹಾಡು, ನಾಟಕ, ಊಟದ ನಡುವೆ ಸೇನೆ, ಕಾನೂನಿನ ಮಾತೇಕೆ ಎಂದು ನಿಮಗೆ ಅನಿಸಬಹುದು. ಕಾರಣವಿದೆ. ಅಮೆರಿಕದ ಪೌರತ್ವ ಪಡೆಯುವಾಗ ನಮ್ಮಲ್ಲಿ ಅನೇಕರು ಬಲಗೈ ಎತ್ತಿ ಪ್ರಮಾಣ ಮಾಡಿದ್ದೇವೆ: ಕಾನೂನು ಬಯಸಿದಾಗ ಈ ದೇಶದ ಪರವಾಗಿ ಆಯುಧ ಹಿಡಿಯುತ್ತೇವೆ ಎಂದು. ಗ್ರೀನ್ ಕಾರ್ಡ್ ಇರುವ 18ರಿಂದ 25ರ ವಯಸ್ಸಿನ ಗಂಡುಮಕ್ಕಳ ಹೆಸರೂ ಸೆಲೆಕ್ಟಿವ್ ಸರ್ವಿಸ್ ಪಟ್ಟಿಯಲ್ಲಿರಬೇಕು. ಅಂದಮೇಲೆ ಆ ಕಾನೂನು ಯಾವುದೆಂದು ನಾವು ತಿಳಿದಿರಬೇಡವೇ?

ಸಂವಿಧಾನದ ಪ್ರಕಾರ ಯುದ್ಧ ಘೋಷಿಸುವ ಅಧಿಕಾರ ಕಾಂಗ್ರೆಸ್ಸಿನದು. ಸೇನೆಯ ಮಹಾದಂಡನಾಯಕರು ಅಧ್ಯಕ್ಷರು. ಕಾಂಗ್ರೆಸ್ ಕೊನೆಯದಾಗಿ ಯುದ್ಧ ಘೋಷಿಸಿದ್ದು 1942ರ ಜೂನ್‌ನಲ್ಲಿ, ಬಲ್ಗೇರಿಯಾ, ಹಂಗೇರಿ, ರೊಮೇನಿಯಾಗಳ ಮೇಲೆ. ಕೊರಿಯಾ, ವಿಯೆಟ್ನಾಂ, ಅಫ್ಘಾನಿಸ್ತಾನ, ಇರಾಕ್ ಯಾವುದಕ್ಕೂ ಘೋಷಣೆ ಆಗಲಿಲ್ಲ.

ವಿಯೆಟ್ನಾಂನಿಂದ ಪಾಠ ಕಲಿತ ಕಾಂಗ್ರೆಸ್, 1973ರಲ್ಲಿ ನಿಕ್ಸನ್ ಅವರ ವೀಟೋ ಮೀರಿ ಯುದ್ಧಾಧಿಕಾರ ನಿರ್ಣಯ ತಂದಿತು. ಸೇನೆಯನ್ನು ಕಾದಾಟಕ್ಕೆ ಇಳಿಸಿದರೆ ಅಧ್ಯಕ್ಷರು 48 ಗಂಟೆಯೊಳಗೆ ವರದಿ ಕೊಡಬೇಕು. ಅನುಮತಿ ಸಿಗದಿದ್ದರೆ 60 ದಿನಕ್ಕೆ ನಿಲ್ಲಿಸಬೇಕು. ಸೈನಿಕರನ್ನು ಸುರಕ್ಷಿತವಾಗಿ ಕರೆತರಲು ಬೇಕಾದರೆ ಇನ್ನು 30 ದಿನ.

ಬೇಲಿಯೇನೋ ಗಟ್ಟಿಯಾಗಿದೆ. ಆದರೆ ಪದಗಳ ಅರ್ಥದಲ್ಲಿ ಕಿಂಡಿಯಿದೆ. 2011ರ ಮಾರ್ಚ್ 19ರಂದು ಲಿಬಿಯಾ ಮೇಲೆ ದಾಳಿ ಶುರುವಾಯಿತು. ಭದ್ರತಾ ಮಂಡಳಿಯ ನಿರ್ಣಯವಿತ್ತು, ಕಾಂಗ್ರೆಸ್ಸಿನ ಅನುಮತಿ ಇರಲಿಲ್ಲ. 60 ದಿನ ಕಳೆಯಿತು, ಕಾರ್ಯಾಚರಣೆ ನಿಲ್ಲಲಿಲ್ಲ. ನೆಲದಲ್ಲಿ ನಮ್ಮ ಪಡೆಗಳು ಹೋರಾಡುತ್ತಿಲ್ಲ, ನಮ್ಮವರಿಗೆ ಅಪಾಯ ಕಡಿಮೆ, ಆದ್ದರಿಂದ ಇದು ಕಾನೂನು ಹೇಳುವ ಕಾದಾಟವೇ ಅಲ್ಲ ಎಂದು ಒಬಾಮಾ ಸರ್ಕಾರ ವಾದಿಸಿತು. ಬಾಂಬ್ ಬಿದ್ದ ಊರಿನವರಿಗೆ ಈ ವಾದ ಹೇಗೆ ಕೇಳಿಸೀತು?

ಇನ್ನೊಂದು ಕಿಂಡಿ, ಮುಗಿಯದ ಅನುಮತಿ. 2001ರ ಸೆಪ್ಟೆಂಬರ್ 11ರ ದಾಳಿಯಾದ ಮೂರೇ ದಿನಕ್ಕೆ, ದಾಳಿಕೋರರು ಮತ್ತು ಅವರಿಗೆ ಆಶ್ರಯ ಕೊಟ್ಟವರ ಮೇಲೆ ಬಲಪ್ರಯೋಗಕ್ಕೆ ಕಾಂಗ್ರೆಸ್ ಒಪ್ಪಿತು. ಕೆಳಮನೆಯಲ್ಲಿ 420 ಮತ ಪರ. ವಿರೋಧ ಒಂದೇ, ಬಾರ್ಬರಾ ಲೀ ಅವರದು. ಆ ಒಪ್ಪಿಗೆಗೆ ಕೊನೆಯ ದಿನಾಂಕವನ್ನೇ ಬರೆಯಲಿಲ್ಲ. 2014ರಲ್ಲಿ ಐಸಿಸ್ ಮೇಲಿನ ದಾಳಿಗೂ ಅದನ್ನೇ ಆಧಾರವಾಗಿ ತೋರಿಸಲಾಯಿತು.

ಹಠಾತ್ ದಾಳಿಯಾದಾಗ ಅಧ್ಯಕ್ಷರು ಮತದಾನಕ್ಕೆ ಕಾಯುತ್ತ ಕೂರಲಾಗದು, ಒಪ್ಪುತ್ತೇನೆ. ಆದರೆ ತುರ್ತಿಗೆಂದು ಕೊಟ್ಟ ಅಧಿಕಾರ ವರ್ಷಗಟ್ಟಲೆ ನಡೆಯುವುದು ಸರಿಯಲ್ಲ.

ವೀಸಾ, ಗ್ರೀನ್ ಕಾರ್ಡ್ ವಿಳಂಬಕ್ಕಾಗಿ ನಮ್ಮ ಪ್ರತಿನಿಧಿಗಳಿಗೆ ಪತ್ರ ಬರೆಯುತ್ತೇವೆ. ಮುಂದಿನ ಪತ್ರದಲ್ಲಿ ಇನ್ನು ಮೂರು ಪ್ರಶ್ನೆ ಸೇರಿಸಿ: ನಮ್ಮ ಸೇನೆ ಹೋರಾಡುತ್ತಿರುವುದು ಯಾವ ಕಾನೂನಿನಡಿ, ಯಾರ ವಿರುದ್ಧ, ಎಷ್ಟು ದಿನ? ಅದಕ್ಕೆ ಮತ ಹಾಕಿದಿರಾ ಎಂದೂ ಕೇಳಿ.