ಕಡಲ ದಾರಿಯಲ್ಲಿ ನದಿಯ ಪಾಠ

(ಗೋಕರ್ಣ–ಕುಮಟಾ ಕಡಲತೀರ ಚಾರಣಕ್ಕೆ ಸಿದ್ಧರಾಗುತ್ತಿದ್ದ ವಿದ್ಯಾರ್ಥಿಗಳ ಮುಂದೆ ಮೈಸೂರಿನ ಹಿನಕಲ್‌ನಲ್ಲಿ ಮಾಡಿದ ಭಾಷಣದ ಪಾಠ)



ಗೋಕರ್ಣದಿಂದ ಕುಮಟಾದವರೆಗೆ ಕಡಲಂಚಿನಲ್ಲಿ ನಡೆದು, ನಡುವೆ ಒಂದು ರಾತ್ರಿ ತಂಗುವ ಚಾರಣಕ್ಕೆ ನೀವು ಹೊರಟಿದ್ದೀರಿ. ಕೂಡ್ಲೆ, ಓಂ, ಹಾಫ್‌ಮೂನ್, ಪ್ಯಾರಡೈಸ್ ತೀರಗಳನ್ನು ದಾಟಿದರೆ ಬೇಲೆಕಾನ, ಮುಂದೆ ತದಡಿ. ಅಲ್ಲಿ ದೋಣಿಯಲ್ಲಿ ನದಿ ದಾಟಿದರೆ ಅಘನಾಶಿನಿ ಗ್ರಾಮ. ಆ ಬಳಿಕ ಕಡ್ಲೆ, ವನ್ನಳ್ಳಿ, ಕುಮಟಾ. ಒಂದು ಮರಳದಂಡೆ, ಒಂದು ಗುಡ್ಡ, ಗುಡ್ಡದ ಮೇಲೆ ಕಾಡು, ಮತ್ತೆ ಮರಳದಂಡೆ: ಇದು ಈ ದಾರಿಯ ಕ್ರಮ.

ಈ ಗುಡ್ಡಗಳು ಬಹುಮಟ್ಟಿಗೆ ಜಂಬಿಟ್ಟಿಗೆ ಕಲ್ಲಿನವು. ರಂಧ್ರಮಯವಾದ ಈ ಕಲ್ಲು ಮಳೆನೀರನ್ನು ಹೀರಿಕೊಂಡು ಬುಡದಲ್ಲಿ ಮೆಲ್ಲನೆ ಬಿಡುತ್ತದೆ. ಗೋಕರ್ಣದ ರಾಮತೀರ್ಥದಲ್ಲಿ ಕಡಲಿನ ಮಗ್ಗುಲಲ್ಲೇ ಸಿಹಿನೀರು ಒಸರುವುದನ್ನು ಕಾಣುವಿರಿ. ಗುಡ್ಡದ ಮೇಲಿನ ಹಸಿರು ಹೋದರೆ ಮಳೆನೀರು ಇಂಗದೆ ಹರಿದುಹೋಗುತ್ತದೆ. ಕೆಳಗಿನ ಬಾವಿಗಳು ಸೊರಗುತ್ತವೆ.

ಈ ದಾರಿಯ ಮುಖ್ಯ ಪಾಠ ತದಡಿಯಲ್ಲಿದೆ. ಶಿರಸಿಯ ಬಳಿ ಹುಟ್ಟುವ ಅಘನಾಶಿನಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲಿಯೂ ಅಣೆಕಟ್ಟಿಗೆ ಸಿಲುಕದೆ ಇಲ್ಲಿ ಸಮುದ್ರವನ್ನು ಸೇರುತ್ತದೆ. ಮಳೆಗಾಲದಲ್ಲಿ ಸಿಹಿನೀರಿನ ನೆರೆ, ಬೇಸಗೆಯಲ್ಲಿ ಉಪ್ಪುನೀರಿನ ಏರಿಕೆ. ಈ ಏರಿಳಿತಕ್ಕೆ ಹೊಂದಿಕೊಂಡೇ ಕಾಂಡ್ಲಾ ಕಾಡು, ಮೀನು, ಸಿಗಡಿ, ಬಳಚು ಎಲ್ಲವೂ ಬದುಕಿವೆ. ಇಳಿತದ ಹೊತ್ತಿನಲ್ಲಿ ಬಳಚು ಹೆಕ್ಕುವವರನ್ನು ಕಂಡರೆ, ಅದು ಅವರ ದಿನದ ಗಳಿಕೆ ಎಂಬುದನ್ನು ನೆನಪಿಡಿ.

ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ನನಗೆ ಬಲು ಮೆಚ್ಚುಗೆಯಾದುದು ಇಲ್ಲಿನ ಗಜನಿ ಭೂಮಿ. ಮಾಣಿಕಟ್ಟಾ ಮೊದಲಾದ ಊರುಗಳಲ್ಲಿ ಮಣ್ಣಿನ ದಂಡೆ ಕಟ್ಟಿ, ಹಲಗೆಯ ಬಾಗಿಲಿನಿಂದ ನೀರನ್ನು ಹಿಡಿದು ಬಿಟ್ಟು, ಕಗ್ಗ ಎಂಬ ಭತ್ತವನ್ನು ಬೆಳೆಯುತ್ತ ಬಂದಿದ್ದಾರೆ. ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಬಿತ್ತನೆ. ನೀಳವಾದ ಪೈರು ನೆರೆಯನ್ನೂ ಉಪ್ಪನ್ನೂ ತಾಳಿಕೊಳ್ಳುತ್ತದೆ. ಕೊಯಿಲಿನ ಬಳಿಕ ಉಪ್ಪುನೀರನ್ನು ಒಳಬಿಟ್ಟರೆ ಕೊಳೆತ ಕೂಳೆ ಮೀನು ಸಿಗಡಿಗಳಿಗೆ ಆಹಾರ, ಮರುವರ್ಷದ ಪೈರಿಗೆ ಗೊಬ್ಬರ. ಇದಕ್ಕೆ ರಾಸಾಯನಿಕ ಗೊಬ್ಬರ ಬೇಕಿಲ್ಲ. ಆದರೆ ಊರಿನವರೆಲ್ಲ ಕೂಡಿ ದಂಡೆ ಕಾಯಬೇಕು. ಆ ಕೂಡುಬಾಳು ಸಡಿಲವಾದ ಕಡೆಗಳಲ್ಲಿ ಕಗ್ಗವೂ ಹಿಂದೆ ಸರಿದಿದೆ.

2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು. ಹಾಗಿದ್ದೂ ಈ ನದಿಯ ನೀರನ್ನು ಪೂರ್ವಕ್ಕೆ, ವೇದಾವತಿಯತ್ತ ತಿರುಗಿಸುವ ಪ್ರಸ್ತಾವ ಜನರ ಮುಂದೆ ಬಂದಿದೆ. "ನೀರು ಸಮುದ್ರ ಸೇರಿ ವ್ಯರ್ಥವಾಗುತ್ತದೆ" ಎಂಬುದು ಅದರ ಹಿಂದಿನ ವಾದ. ಬಯಲುಸೀಮೆಯ ಬಾಯಾರಿಕೆ ನಿಜವಾದದ್ದು. ಅದನ್ನು ಹಗುರವಾಗಿ ಕಾಣಲಾಗದು. ಆದರೆ ಸಮುದ್ರ ಸೇರುವ ನೀರು ದಾರಿಯುದ್ದಕ್ಕೂ ಕೆಲಸ ಮಾಡಿಯೇ ಸೇರುತ್ತದೆ. ನೆರೆಯ ಶರಾವತಿಯನ್ನು ನೋಡಿ. 1964ರ ಲಿಂಗನಮಕ್ಕಿ ಅಣೆಕಟ್ಟು, ಬಳಿಕ ಗೇರುಸೊಪ್ಪದ ಅಣೆಕಟ್ಟು. ವಿದ್ಯುತ್ತಿಗಾಗಿ ವರ್ಷವಿಡೀ ಬಿಡುವ ಸಿಹಿನೀರಿನಿಂದ ಅಲ್ಲಿಯ ಅಳಿವೆಯ ಉಪ್ಪಿನಂಶದ ಲಯವೇ ಬದಲಾಯಿತು. ನೀರು ಹೆಚ್ಚಿದರೂ ಕುಂದಿದರೂ ಅಳಿವೆ ಸೊರಗುತ್ತದೆ. 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿ ನಿಂತರಲ್ಲ, ಆ ಅಪ್ಪಿಕೋ ಚಳವಳಿ ಮಲೆಯ ಕಾಡಿಗೆ ಮಾಡಿದ ಉಪಕಾರ ಕರಾವಳಿಯ ದೋಣಿಗೂ ತಲುಪಿದೆ.

ಇನ್ನು ರಾತ್ರಿಯ ಮಾತು. ಉತ್ತರ ಕನ್ನಡದ ಕಡಲತೀರಗಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಸುಮಾರು 50 ದಿನಗಳಲ್ಲಿ ಮರಿಗಳು ಹೊರಬಂದು, ಕಡಲ ಮೇಲಿನ ಬೆಳಕನ್ನು ನೋಡಿ ನೀರಿನತ್ತ ಸಾಗುತ್ತವೆ. ದಂಡೆಯಲ್ಲಿ ಬೆಂಕಿಯೋ ದೀಪವೋ ಉರಿದರೆ ಅವು ದಾರಿ ತಪ್ಪಿ ಸಾಯುತ್ತವೆ. ಆದುದರಿಂದ ಮರಳಿನ ಮೇಲೆ ಬೆಂಕಿ ಹಾಕಬೇಡಿ, ಡೇರೆ ಹೂಡಬೇಡಿ, ಊರಿನವರನ್ನು ಕೇಳಿ ಊರೊಳಗೆ ತಂಗಿರಿ. ಮರಳನ್ನು ಹಿಡಿದಿಡುವ ಅಡುಂಬು ಬಳ್ಳಿಯನ್ನು ತುಳಿಯದೆ ನಡೆಯಿರಿ. ಭರತ ಇಳಿತಗಳ ವೇಳೆಯನ್ನು ಮೀನುಗಾರರಿಂದ ತಿಳಿಯದೆ ಬಂಡೆಗಳ ಬುಡ ಬಳಸಬೇಡಿ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನೀರು ಹೆಚ್ಚು ಏರುತ್ತದೆ. ಮಳೆಗಾಲದಲ್ಲಂತೂ ಈ ದಾರಿ ಬೇಡ. ಒಯ್ದ ಪ್ಲಾಸ್ಟಿಕ್ ನಿಮ್ಮೊಡನೆಯೇ ಹಿಂದಿರುಗಲಿ.

ಮರಳಿ ಬಂದ ಮೇಲೆ, ಎಲ್ಲಿ ಸಿಹಿನೀರು ಕಂಡಿರಿ, ಎಲ್ಲಿ ಗುಡ್ಡ ಅಗೆದದ್ದು ಕಂಡಿರಿ, ದೋಣಿಯವರು ಏನು ಹೇಳಿದರು ಎಂಬುದನ್ನು ಬರೆದು ಈ ಪತ್ರಿಕೆಗೆ ಕಳುಹಿಸಿ. ಮಲೆಯ ಹಳ್ಳಿಗಳಲ್ಲಿ ಅದನ್ನು ಓದುವವರಿದ್ದಾರೆ. ಆ ನದಿಯ ತಲೆಕಟ್ಟು ಅವರ ಕೈಯಲ್ಲಿದೆ.