ಲಿಂಕ್ ಕಳಿಸುವ ಮುನ್ನ



ಗೋಕಾಕದ ಕರದಂಟಿನ ಡಬ್ಬಿಯ ಮೇಲೆ ಹೆಸರೇ ಇಲ್ಲದಿದ್ದರೆ ಅದನ್ನು ಬೀಗರ ಮನೆಗೆ ಒಯ್ಯಲು ನೀವು ಹಿಂದೆಮುಂದೆ ನೋಡುತ್ತೀರಿ. ವಾಟ್ಸಾಪಿಗೆ ಬರುವ ಲಿಂಕಿನ ಸ್ಥಿತಿಯೂ ಅದೇ.

ಒಮ್ಮೆ ಒಂದು ಸಂಸ್ಥೆಯ ವಿದ್ಯಾರ್ಥಿವೇತನದ ಲಿಂಕನ್ನು ಗೋಕಾಕ, ಮೂಡಲಗಿ, ಹುಕ್ಕೇರಿಯ ಪಾಲಕರ ಗುಂಪುಗಳಿಗೆ ನಾನೇ ಕಳಿಸಿದ್ದೆ. ಅದರ ಜೊತೆ ಚಿತ್ರವೂ ಬರಲಿಲ್ಲ, ಶೀರ್ಷಿಕೆಯೂ ಬರಲಿಲ್ಲ. ಬರೀ ಉದ್ದನೆಯ ಇಂಗ್ಲಿಷ್ ಅಕ್ಷರಗಳ ಸಾಲು. ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಎಂದು ಪಾಲಕರಿಗೆ ಕಲಿಸಿದವರೂ ನಾವೇ ತಾನೆ! ಕೊನೆಯ ದಿನಾಂಕ ದಾಟಿದ ಮೇಲೆ ಹುಕ್ಕೇರಿಯ ಒಬ್ಬ ತಾಯಿ, "ಸರ್, ಮೋಸದ್ದು ಅಂತ ತಿಳಿದು ಅಳಿಸಿಬಿಟ್ಟೆ" ಎಂದರು. ಅವರದು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ.

ಲಿಂಕಿನ ಜೊತೆ ಕಾಣುವ ಈ ಮುನ್ನೋಟ ತಾನಾಗಿ ಹುಟ್ಟುವುದಿಲ್ಲ. ಪುಟದ ತಲೆಭಾಗದಲ್ಲಿ, ಓದುಗರ ಕಣ್ಣಿಗೆ ಬೀಳದಂತೆ, ಕೆಲವು ಸಾಲುಗಳನ್ನು ಬರೆದಿಡಬೇಕು. ಇದು 2010ರಲ್ಲಿ ಫೇಸ್‌ಬುಕ್ ತಂದ ಓಪನ್ ಗ್ರಾಫ್ ಪದ್ಧತಿ. ವಾಟ್ಸಾಪ್, ಟೆಲಿಗ್ರಾಂ, ಲಿಂಕ್ಡ್‌ಇನ್ ಕೂಡ ಇದನ್ನೇ ಓದುತ್ತವೆ. ಶೀರ್ಷಿಕೆ, ಎರಡು ಸಾಲಿನ ವಿವರ, ಚಿತ್ರ, ಪುಟದ ವಿಳಾಸ, ಇವಿಷ್ಟು ಬೇಕು. ಎಕ್ಸ್, ಅಂದರೆ ಹಿಂದಿನ ಟ್ವಿಟರ್, ಚಿತ್ರವನ್ನು ದೊಡ್ಡದಾಗಿ ತೋರಿಸಬೇಕಾದರೆ ಇನ್ನೊಂದು ಸಾಲು ಸೇರಿಸಬೇಕು.

ಹೆಚ್ಚು ಎಡವುವುದು ಚಿತ್ರದಲ್ಲಿ. ಅದರ ವಿಳಾಸವನ್ನು ಅರ್ಧಕ್ಕೆ ಬಿಡದೆ ಎಚ್‌ಟಿಟಿಪಿಎಸ್‌ನಿಂದ ಪೂರ್ತಿ ಬರೆಯಬೇಕು. ಅಳತೆ 1200ಕ್ಕೆ 630 ಪಿಕ್ಸೆಲ್ ಇರಲಿ. ನೋಟೀಸಿನ ಫೋಟೋ ತೆಗೆದು ಹಾಗೆಯೇ ಏರಿಸಿದರೆ ಹಲವು ಎಂಬಿ ತೂಗುತ್ತದೆ, ವಾಟ್ಸಾಪ್ ಅದನ್ನು ಬಿಟ್ಟೇಬಿಡಬಹುದು. 300 ಕೆಬಿಯೊಳಗೆ ಇಟ್ಟರೆ ಚಿಂತೆಯಿಲ್ಲ. ಕೆಲವೆಡೆ ಚಿತ್ರ ಚೌಕವಾಗಿ ಕತ್ತರಿಸಲ್ಪಡುವುದರಿಂದ ಮುಖ್ಯ ಅಕ್ಷರಗಳನ್ನು ನಡುವೆಯೇ ಇಡಿ. ಉರ್ದು ಬಲದಿಂದ, ಕನ್ನಡ ಎಡದಿಂದ ಸಾಗುವ ಲಿಪಿ. ಎರಡನ್ನೂ ದಿನಾಂಕದ ಜೊತೆ ಒಂದೇ ಶೀರ್ಷಿಕೆಗೆ ತುರುಕಿದರೆ ಅಂಕಿಗಳು ಸ್ಥಳ ಬದಲಿಸಿ ಓದುಗರನ್ನು ದಾರಿ ತಪ್ಪಿಸುತ್ತವೆ. ಶೀರ್ಷಿಕೆಗೆ ಒಂದು ಭಾಷೆ, ವಿವರಕ್ಕೆ ಇನ್ನೊಂದು ಎಂದು ಹಂಚಿಕೊಳ್ಳುವುದು ನನ್ನ ರೂಢಿ.

ಎಲ್ಲ ಸರಿಪಡಿಸಿದರೂ ಹೋದ ವರ್ಷದ ಚಿತ್ರವೇ ಬರುವುದುಂಟು. ಕಾರಣ, ಒಮ್ಮೆ ಓದಿದ್ದನ್ನು ಈ ತಾಣಗಳು ತಮ್ಮಲ್ಲಿ ಕೂಡಿಟ್ಟುಕೊಳ್ಳುತ್ತವೆ. ಫೇಸ್‌ಬುಕ್ಕಿನ ಶೇರಿಂಗ್ ಡಿಬಗ್ಗರ್ ಎಂಬ ಪುಟದಲ್ಲಿ ಲಿಂಕ್ ಹಾಕಿ ಮತ್ತೆ ಓದಿಸಬಹುದು. ವಾಟ್ಸಾಪಿನಲ್ಲಿ ಮುನ್ನೋಟ ತಯಾರಾಗುವುದು ಕಳಿಸುವವರ ಫೋನಿನಲ್ಲೇ. ಹೋದ ಸಂದೇಶ ಬದಲಾಗದು. ಚಿತ್ರಕ್ಕೆ ಹೊಸ ಹೆಸರಿಟ್ಟು, ಲಿಂಕಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಮತ್ತು ಒಂದು ಅಂಕಿ ಸೇರಿಸಿ ಮತ್ತೆ ಕಳಿಸಬೇಕು.

ಪಾಲಕರಿಗೂ ಒಂದು ಮಾತು. ಈ ಸಾಲುಗಳನ್ನು ಬರೆಯುವವರು ಪುಟದ ಒಡೆಯರು, ಮೋಸಗಾರನೂ ಅಂದದ ಚಿತ್ರ ಇಡಬಲ್ಲ. ಚಿತ್ರಕ್ಕಿಂತ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ. ರಾಷ್ಟ್ರೀಯ ವಿದ್ಯಾರ್ಥಿವೇತನ ತಾಣದ ವಿಳಾಸ 'ಸ್ಕಾಲರ್‌ಶಿಪ್ಸ್ ಡಾಟ್ ಜಿಓವಿ ಡಾಟ್ ಇನ್'. ಅನುಮಾನ ಬಂದರೆ ಅಳಿಸುವ ಮುನ್ನ ಶಾಲೆಗೆ ಒಂದು ಫೋನ್ ಮಾಡಿ. ನಾನಂತೂ ಈಗ ಯಾವ ಲಿಂಕನ್ನೂ ಮೊದಲು ಮನೆಯವರ ಫೋನಿಗೆ ಕಳಿಸಿ, ಹೇಗೆ ಕಾಣುತ್ತದೆಂದು ನೋಡಿಯೇ ಗುಂಪಿಗೆ ಹಾಕುತ್ತೇನೆ. ಕೊನೆಯ ದಿನಾಂಕವನ್ನು ಕೆಳಗೆ ಬೇರೆಯಾಗಿ ಬರೆಯುತ್ತೇನೆ.